ನಲವತ್ತೊಂದು ಪರ್ಸೆಂಟ್ ಕ್ಲಚ್ಚು

"ಕ್ಲಚ್ಚಿಗೂ ಮನುಷ್ಯನ ಹಾಗೆ ಆಯುಸ್ಸು ಉಂಟು ಪೊರ್ಬುಗಳೇ" ಎಂದು ಬಜಗೋಳಿಯ ಮೆಕ್ಯಾನಿಕ್ ಸರ್ವೋತ್ತಮ ಹೇಳದೇ ಇದ್ದಿದ್ದರೆ ಕಲ್ಯಾಣಪುರದ ಬೆಂಜಮಿನ್ ಪೊರ್ಬುಗಳಿಗೆ ಆ ಶನಿವಾರ ಅಂಥ ಗತಿ ಬರುತ್ತಿರಲಿಲ್ಲ.

ಬೆಂಜಮಿನ್ನರು ಇಪ್ಪತ್ತೇಳು ವರ್ಷ ಕುವೈತಿನಲ್ಲಿ ಒಬ್ಬ ಅರಬನ ಮನೆಯ ಡ್ರೈವರ್ ಆಗಿದ್ದವರು. ಮಕ್ಕಳನ್ನು ಶಾಲೆಗೆ, ಯಜಮಾನತಿಯನ್ನು ಅಂಗಡಿಗೆ ಬಿಡುವುದೆಲ್ಲ ಆನೆಯಂಥ ಬಿಳಿ ಗಾಡಿಯಲ್ಲಿ. ಅದೇ ಮನೆಯ ಶೆಡ್ಡಿನಲ್ಲಿ ಇಟಲಿಯ ಕೆಂಪು ಕಾರೊಂದಿತ್ತು. ಪ್ರತಿ ಶುಕ್ರವಾರ ಅದನ್ನು ತೊಳೆಯುವುದು ಬೆಂಜಮಿನ್ನರ ಕೆಲಸ, ಓಡಿಸುವುದು ಯಜಮಾನನ ಕೆಲಸ. ಅದರ ಸ್ಟೇರಿಂಗನ್ನು ಒರೆಸುವುದಕ್ಕಲ್ಲದೆ ಬೇರೆ ಯಾವ ಕಾರಣಕ್ಕೂ ಅವರು ಮುಟ್ಟಿದ್ದಿಲ್ಲ. ಊರಿಗೆ ಬಂದು ಎರಡು ವರ್ಷವಾದರೂ ಆ ಕೆಂಪು ಕಾರು ಕನಸಿನಲ್ಲಿ ಬರುತ್ತಿತ್ತು. ಕನಸಿನಲ್ಲೂ ಇವರ ಕೈಯಲ್ಲಿ ಬಕೆಟ್ಟೇ ಇರುತ್ತಿತ್ತು.

ಹೆದ್ದಾರಿ ಅಗಲ ಮಾಡುವಾಗ ಗದ್ದೆ ಹೋಗಿ ಪರಿಹಾರ ಬಂದದ್ದೇ ತಡ, ಬೆಂಜಮಿನ್ನರು ಕೆಂಪು ಕಾರು ಹುಡುಕತೊಡಗಿದರು. ಹೆಂಡತಿ ಆನಿ ಬೇಡವೆನ್ನಲಿಲ್ಲ. ಜಗಳವೆಲ್ಲ ಗೇರಿನ ಮೇಲೆ.

"ಆಟೋಮ್ಯಾಟಿಕ್ ತೆಗೆದುಕೊಳ್ಳಿ. ನನ್ನ ಸ್ಕೂಟರಿನ ಹಾಗೆ, ಕಿವಿ ಹಿಂಡಿದರೆ ಹೋಗಬೇಕು" ಎಂದು ಆನಿ.

"ಎಡಗಾಲಿಗೆ ಕೆಲಸ ಇಲ್ಲದ್ದು ಎಂತ ಕಾರು? ಗೇರು ಬೇಕು, ಕ್ಲಚ್ ಬೇಕು."

"ಕ್ಲಚ್ಚಂತೆ ಕ್ಲಚ್ಚು! ನನ್ನ ತಲೆಗೆ ಹಾಕುವ ಕ್ಲಚ್ಚೇ ಆರು ತಿಂಗಳು ಬಾಳಿಕೆ ಬರುವುದಿಲ್ಲ. ಇಷ್ಟು ದೊಡ್ಡ ಕಾರಿನದ್ದು ಎಲ್ಲಿ ಬರುತ್ತದೆ?"

ಕೊನೆಗೆ ಮಣಿಪಾಲದಲ್ಲಿ ಸಿಕ್ಕಿದ್ದು ಗಂಡ ಹೆಂಡಿರಿಬ್ಬರ ಮಾತನ್ನೂ ಕೇಳಿ ಇಬ್ಬರಿಗೂ ಕೈಕೊಟ್ಟಂಥ ಇಟಲಿಯ ಕೆಂಪು ಕಾರು. ಗೇರು ಉಂಟು, ಗೇರಿನ ಕೋಲಿಲ್ಲ. ಕ್ಲಚ್ ಉಂಟು, ಕ್ಲಚ್ ಪೆಡಲಿಲ್ಲ. ಸ್ಟೇರಿಂಗಿನ ಹಿಂದೆ ಎರಡು ಕಿವಿಗಳಿದ್ದು, ಅವನ್ನು ಎಳೆದರೆ ಒಳಗಿನ ಕಂಪ್ಯೂಟರೇ ಕ್ಲಚ್ ಒತ್ತಿ ಗೇರು ಬದಲಿಸುತ್ತದೆ. ಮಾರುವವನು ರೋಹಿತ್ ಎಂಬ ದಂತವೈದ್ಯ. ಇಡೀ ದಿನ ರೋಗಿಗಳ ಬಾಯಿಗೆ ಬಗ್ಗಿ, ಸಂಜೆ ಕಾರಿನೊಳಗೆ ಹತ್ತಲು ಮತ್ತೆ ಬಗ್ಗಿ ಅವನ ಬೆನ್ನು ಹೋಗಿತ್ತು.

ಬೆಂಜಮಿನ್ನರು ಬಸ್ಸು ಹಿಡಿದು ಬಜಗೋಳಿಗೆ ಹೋಗಿ ಸರ್ವೋತ್ತಮನ ಸಲಹೆ ಕೇಳಿದರು. ಆಯುಸ್ಸಿನ ಮಾತು ಬಂದದ್ದು ಆಗಲೇ.

"ಕಾಲಿನ ಕ್ಲಚ್ಚಾದರೆ ನಿಮ್ಮ ಕಾಲಿನ ಗುಣ. ಒಳ್ಳೆ ಕಾಲಾದರೆ ವರ್ಷಗಟ್ಟಲೆ ಬಂದೀತು. ಇದನ್ನು ಒತ್ತುವುದು ಕಂಪ್ಯೂಟರ್. ಅದಕ್ಕೆ ನಮ್ಮ ರಸ್ತೆ ಗೊತ್ತುಂಟಾ? ಇದು ಎಷ್ಟು ಕಿಲೋಮೀಟರ್ ಓಡಿತು ಅಂತ ಅಲ್ಲ, ಎಷ್ಟು ಸಲ ನಿಂತು ಹೊರಟಿತು ಅಂತ ನೋಡಬೇಕು. ನಿಂತು ಹೊರಟರೆ ಸವೆಯಿತು. ರಿವರ್ಸ್ ಹಾಕಿದರೆ ಇನ್ನೂ ಸವೆಯಿತು. ಏರಿನಲ್ಲಿ ನಿಲ್ಲಿಸಿದರಂತೂ ಕೇಳುವುದೇ ಬೇಡ. ಮುಗಿದರೆ ಗೇರ್ ಪೆಟ್ಟಿಗೆ ಇಳಿಸಬೇಕು, ಪ್ಲೇಟು ಇಟಲಿಯಿಂದ ಬರಬೇಕು ಮಾರಾಯ್ರೆ!"

ಹಾಗೆಂದು ಹೆದರಿಸಿ, ಮೊಬೈಲಿಗಿಂತ ತುಸು ದಪ್ಪದ ಸ್ಕ್ಯಾನರೊಂದನ್ನು ಕೈಗಿತ್ತ. "ಇದನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ. ಕ್ಲಚ್ ಎಷ್ಟು ಬಾಕಿ ಅಂತ ಪರ್ಸೆಂಟಿನಲ್ಲಿ ತೋರಿಸುತ್ತದೆ. ಐದಕ್ಕಿಂತ ಕೆಳಗೆ ಬಂದರೆ ಆ ಕಾರಿನ ಸುದ್ದಿಯೇ ಬೇಡ. ಮೇಲೆ ಇದ್ದರೆ ಇಲ್ಲಿಗೆ ತನ್ನಿ, ಅಡಿ ನೋಡಿ ಹೇಳುತ್ತೇನೆ."

ಶನಿವಾರ ಬೆಳಿಗ್ಗೆ ರೋಹಿತ್ ಕೀಲಿ ಕೊಟ್ಟ. "ಇವತ್ತಿಡೀ ಓಡಿಸಿ ನೋಡಿ ಅಂಕಲ್. ಸಂಜೆ ಆರರ ಒಳಗೆ ಬೇಕೋ ಬೇಡವೋ ಹೇಳಿ. ಕ್ಲಚ್ ಎಲ್ಲ ಚೆನ್ನಾಗಿ ಉಂಟು."

ಮಾರುವವನ ಮಾತು! ಬೆಂಜಮಿನ್ನರು ಸ್ಕ್ಯಾನರ್ ಸಿಕ್ಕಿಸಿ ಓದುವ ಕನ್ನಡಕಕ್ಕೆ ಜೇಬು ತಡಕಿದರು. ಕನ್ನಡಕ ಮನೆಯ ಫ್ರಿಜ್ಜಿನ ಮೇಲಿತ್ತು. ಕೈ ಎಷ್ಟು ಉದ್ದ ಚಾಚಿದರೂ ತೆರೆಯ ಮೇಲಿನ ಅಕ್ಷರಗಳೆಲ್ಲ ಇರುವೆಸಾಲು. ಮೇಲಿನ ಮೂಲೆಯಲ್ಲಿ ಮಾತ್ರ ಒಂದು ಅಂಕೆ ಕಾಣಿಸಿತು: ನಲವತ್ತೊಂದು ಪರ್ಸೆಂಟ್. ಪಕ್ಕದಲ್ಲಿ ಗೇರ್ ಪೆಟ್ಟಿಗೆಯಂಥ ಪುಟ್ಟ ಚಿತ್ರ.

ಸರ್ವೋತ್ತಮನಿಗೆ ಫೋನು ಹೋಯಿತು. "ನಲವತ್ತೊಂದಾ? ಪರವಾಗಿಲ್ಲ. ಆದರೆ ಜಾಗ್ರತೆ, ಸುಮ್ಮಸುಮ್ಮನೆ ನಿಲ್ಲಿಸಬೇಡಿ."

ಬೆಂಜಮಿನ್ನರು ಶಿಲುಬೆಯ ಗುರುತು ಹಾಕಿಕೊಂಡು ಹೊರಟರು. ಬೆನ್ನ ಹಿಂದೆ ಎಂಜಿನ್ ಗರ್ಜಿಸಿದಾಗ ಎದೆ ಝಲ್ಲೆಂದಿತು. ಇಪ್ಪತ್ತೇಳು ವರ್ಷ ಒರೆಸಿದ್ದರ ಕೂಲಿ ಈಗ ಸಿಕ್ಕಿತು ಅನ್ನಿಸಿತು. ಆ ಸಂತೋಷ ಉಳಿದದ್ದು ಮೊದಲನೇ ಸರ್ಕಲ್ಲಿನ ತನಕ. ಅಲ್ಲಿ ಒಂದು ಸರ್ವಿಸ್ ಬಸ್ಸು ನಡುರಸ್ತೆಯಲ್ಲೇ ಜನ ಹತ್ತಿಸುತ್ತಾ ನಿಂತಿತ್ತು. ಬೆಂಜಮಿನ್ನರೂ ನಿಲ್ಲಿಸಿದರು, ಹೊರಟರು, ನಿಲ್ಲಿಸಿದರು. ತೆರೆ ನೋಡಿದರೆ ಮೂವತ್ತೊಂಬತ್ತು. ಸಂತೆಕಟ್ಟೆ ದಾಟುವಷ್ಟರಲ್ಲಿ ಮೂವತ್ತನಾಲ್ಕು. ಈ ಲೆಕ್ಕದಲ್ಲಿ ಸಂಜೆಗೆ ಕಾರಿನ ತಿಥಿಯೇ ಎಂದು ಅವರಿಗೆ ಬೆವರಿತು. ಇನ್ನು ಏನೇ ಆಗಲಿ, ಬಜಗೋಳಿ ಮುಟ್ಟುವ ತನಕ ನಿಲ್ಲಿಸುವುದಿಲ್ಲ ಎಂದು ಹಲ್ಲು ಕಚ್ಚಿದರು.

ಆದರೆ ಆನಿಗೆ ಕಾರು ತೋರಿಸುತ್ತೇನೆಂದು ಮಾತು ಕೊಟ್ಟಾಗಿತ್ತು. ಮನೆಯ ಎದುರೇ ಇಗರ್ಜಿಯ ಮೈದಾನ. ಅಲ್ಲಿ ನೋಡಿದರೆ ಅರ್ಧ ವಾರ್ಡೇ ಸೇರಿದೆ. ನೆರೆಮನೆಯ ಲೊರ್ನಾಬಾಯಿಗೆ ಒಂದು ವಿಷಯ ಗೊತ್ತಾದರೆ ಇಗರ್ಜಿಯ ಗಂಟೆ ಬಾರಿಸುವ ಅಗತ್ಯ ಬೀಳುವುದಿಲ್ಲ. ಆಕೆ ಫಾದರನ್ನೂ ಕರೆತಂದಿದ್ದಳು. ಹೊಸ ಗಾಡಿಗೆ ಆಶೀರ್ವಾದ ಬೇಡವೇ? ಫಾದರ್ ಪವಿತ್ರ ನೀರು ಹಿಡಿದು ಸಿದ್ಧವಾಗಿದ್ದರು. ಅವರ ಪಕ್ಕದಲ್ಲಿ ಲೊರ್ನಾಬಾಯಿಯ ಮಗ, ಮಲ್ಪೆಯಲ್ಲಿ ಐಸ್ ಪ್ಲಾಂಟ್ ಇಟ್ಟಿರುವ ಡೀನ್.

ಕಾರು ಮೈದಾನಕ್ಕೆ ಬಂತು. ನಿಲ್ಲಲಿಲ್ಲ. ಜನರ ಸುತ್ತ ಮೆಲ್ಲಗೆ ಒಂದು ಸುತ್ತು ಹಾಕಿತು.

"ಬೆಂಜಮಿನ್, ನಿಲ್ಲಿಸು!" ಎಂದರು ಫಾದರ್.

"ಆಗುವುದಿಲ್ಲ ಫಾದರ್! ನಿಲ್ಲಿಸಿದರೆ ಎರಡು ಪರ್ಸೆಂಟ್ ಹೋಗುತ್ತದೆ! ಹಾಗೆಯೇ ಆಶೀರ್ವಾದ ಮಾಡಿ!"

ಎರಡನೇ ಸುತ್ತಿನಲ್ಲಿ ಡೀನ್ ಕೂಗಿದ, "ಅಂಕಲ್, ಮೈಲೇಜ್ ಎಷ್ಟು ಕೊಡುತ್ತದೆ?" ಬೆಂಜಮಿನ್ನರ ಉತ್ತರ ಮೂರನೇ ಸುತ್ತಿನಲ್ಲಿ ಬಂತು, "ಗೊತ್ತಿಲ್ಲ!" ಲೊರ್ನಾಬಾಯಿ "ಇದು ಗೇರಾ ಆಟೋಮ್ಯಾಟಿಕ್ಕಾ?" ಎಂದು ಕೇಳಿದ್ದಕ್ಕೆ ನಾಲ್ಕನೇ ಸುತ್ತಿನಲ್ಲಿ "ಎರಡೂ!" ಎಂದೂ ಐದನೆಯದರಲ್ಲಿ "ಎರಡೂ ಅಲ್ಲ!" ಎಂದೂ ಉತ್ತರ ಸಿಕ್ಕಿತು. ಫಾದರ್ ಹಿರಿಯ ಜೀವ. ಕಾರಿನ ಹಿಂದೆ ಓಡಲಾರದೆ ನಿಂತಲ್ಲಿಂದಲೇ ಗುರಿಯಿಟ್ಟು ನೀರು ಚಿಮುಕಿಸಿದರು. ಕೆಂಪು ಬಾಗಿಲಿಗೆ ನಾಲ್ಕು ಹನಿ ಬಿತ್ತು, ಉಳಿದದ್ದೆಲ್ಲ ಡೀನನ ನೆತ್ತಿಗೆ ಬಿತ್ತು.

ಅಷ್ಟರಲ್ಲಿ ಆನಿ ಮನೆಯಿಂದ ಓಡಿಬಂದಳು. ಕೈಯಲ್ಲಿ ಕನ್ನಡಕದ ಡಬ್ಬಿ.

"ಕೇಳಿತಾ! ಕನ್ನಡಕ ಬಿಟ್ಟು ಹೋಗಿದ್ದೀರಿ! ಒಂದು ನಿಮಿಷ ನಿಲ್ಲಿಸಿ!"

"ಕನ್ನಡಕ ಇಲ್ಲದೆಯೂ ರಸ್ತೆ ಕಾಣುತ್ತದೆ! ಕ್ಲಚ್ ಇಲ್ಲದೆ ಕಾರು ಹೋಗುವುದಿಲ್ಲ!"

ಆನಿ ಸೀರೆ ಎತ್ತಿ ಕಟ್ಟಿ ಅರ್ಧ ಸುತ್ತು ಕಾರಿನ ಜೊತೆಗೇ ಓಡಿದಳು. ಯಾರೋ ತಮಾಷೆಗೆ ಬಸ್ಸಿನ ಕಂಡಕ್ಟರನ ಹಾಗೆ "ರೈಟ್ ಪೋಯಿ!" ಎಂದು ಕೂಗಿದರು. ಕಡೆಗೆ ಆಕೆ ಸಿಟ್ಟಿನಿಂದ ಕಿಟಕಿಗೆ ಗುರಿಯಿಟ್ಟು ಡಬ್ಬಿ ಎಸೆದಳು. ಅದು ಕಾರಿನ ಮೇಲಿಂದ ಹಾರಿ ಡೀನನ ಎದೆಗೆ ಬಡಿಯಿತು. ಅವನು ಅದನ್ನು ಹಿಡಿದು ಜೇಬಿಗೆ ಹಾಕಿಕೊಂಡ. ಕಾರು ಗೇಟು ದಾಟಿತು. ತೆರೆಯಲ್ಲಿ ಇಪ್ಪತ್ತೇಳು.

ಪರ್ಕಳದ ಏರಿನಲ್ಲಿ ಎದುರಿಗೆ ಕಲ್ಲು ತುಂಬಿದ ಟೆಂಪೋ. ಅದು ಏರಿತು, ಏದುಸಿರು ಬಿಟ್ಟಿತು, ನಿಂತಿತು. ಬೆಂಜಮಿನ್ನರು "ಹೋಗು ಮಾರಾಯ, ಹೋಗು" ಎಂದು ಸ್ಟೇರಿಂಗಿಗೇ ಕೈಮುಗಿದರು. ಅಲ್ಲಿಂದ ಹೊರಡುವಾಗ ಅಂಕೆ ಹತ್ತೊಂಬತ್ತಕ್ಕೆ ಇಳಿದು ಪೆಟ್ಟಿಗೆಯ ಚಿತ್ರ ಕೆಂಪಾಯಿತು. ಗೇರ್ ಪೆಟ್ಟಿಗೆ ಬಿಸಿಯಾಗಿದೆ ಎಂದು ಅವರಿಗೆ ಗಾಬರಿಯಾಗಿ, ಹಿರಿಯಡ್ಕದಲ್ಲಿ ಎಂಜಿನ್ ಆರಿಸಿ ತಣ್ಣಗಾಗಲು ಬಿಟ್ಟರು. ಹೋಟೆಲಿನಲ್ಲಿ ಎರಡು ಗೋಳಿಬಜೆ ತಿಂದು ಚಹಾ ಕುಡಿದು ಬಂದು ನೋಡುತ್ತಾರೆ, ಹದಿನೈದು ಇದ್ದದ್ದು ಹದಿಮೂರಾಗಿದೆ.

"ಓಡಿದರೂ ಸವೆಯುತ್ತದೆ, ಮಲಗಿದರೂ ಸವೆಯುತ್ತದೆ! ಇದು ಕ್ಲಚ್ಚಾ ಕರ್ಪೂರವಾ?" ಎಂದು ಅವರು ತಲೆ ಚಚ್ಚಿಕೊಂಡರು. ಸರ್ವೋತ್ತಮನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಯಾವುದೋ ಜೀಪಿನ ಅಡಿಯಲ್ಲಿ ಮಲಗಿದ್ದನೋ ಏನೋ.

ಬೈಲೂರಿನ ಹತ್ತಿರ ರಸ್ತೆ ಖಾಲಿ ಸಿಕ್ಕಿತು. ಬೆಂಜಮಿನ್ನರು ಬಲಗಿವಿ ಎಳೆದರು, ಇನ್ನೊಮ್ಮೆ ಎಳೆದರು. ಕಾರು ಹಾರಿತು. ಗಾಳಿ, ಬಿಸಿಲು, ಬೆನ್ನ ಹಿಂದೆ ಆ ಗರ್ಜನೆ! ಐದು ನಿಮಿಷ ಅವರು ಪರ್ಸೆಂಟನ್ನೂ ಮರೆತರು, ವಯಸ್ಸನ್ನೂ ಮರೆತರು, ಮದುವೆಯ ಮನೆಯಲ್ಲಿ ಹಾಡುವ ಕೊಂಕಣಿ ಹಾಡೊಂದನ್ನು ಗಂಟಲು ಹರಿಯುವಂತೆ ಹಾಡಿದರು. ಜೀವನದಲ್ಲಿ ಅಷ್ಟು ಸಂತೋಷ ಅವರಿಗೆ ಸ್ವಂತ ಮದುವೆಯಲ್ಲೂ ಆಗಿರಲಿಲ್ಲ, ಇದನ್ನು ಆನಿಗೆ ಹೇಳಬಾರದಷ್ಟೇ.

ಕಾರ್ಕಳದ ಹಂಪುಗಳು ಅವರನ್ನು ಭೂಮಿಗಿಳಿಸಿದವು. ತೆರೆಯಲ್ಲಿ ನಾಲ್ಕು! ಐದಕ್ಕಿಂತ ಕೆಳಗೆ! ಬೆಂಜಮಿನ್ನರು ಕಾರನ್ನು ಬದಿಗೆ ಹಾಕಿದರು. ಕಣ್ಣು ಒದ್ದೆಯಾಯಿತು. ಆಸೆಯಿತ್ತು ನಿಜ, ಆದರೆ ಹೋದ ಗದ್ದೆಯ ಬದಲಿಗೆ ಸತ್ತ ಕ್ಲಚ್ ತಂದರೆ ಆನಿಗೆ ಮುಖ ತೋರಿಸುವುದು ಹೇಗೆ? ಫೋನು ತೆಗೆದು ರೋಹಿತನಿಗೆ ಹೇಳಿದರು.

"ಡಾಕ್ಟ್ರೇ, ನನಗೆ ಬೇಡ. ಕಾರ್ಕಳದ ತನಕ ಬಂದಾಗಿದೆ, ಬಜಗೋಳಿಯ ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸಿ ಸಂಜೆ ತಂದು ಬಿಡುತ್ತೇನೆ."

"ಖಂಡಿತ ಬೇಡವಾ ಅಂಕಲ್?"

"ಖಂಡಿತ."

"ಹಾಗಾದರೆ ಸರಿ. ಇಲ್ಲಿ ಇನ್ನೊಬ್ಬರು ಬಂದು ಕೂತಿದ್ದಾರೆ, ಅವರಿಗೆ ಮಾತು ಕೊಡುತ್ತೇನೆ."

ಬಜಗೋಳಿಯ ತನಕ ಬೆಂಜಮಿನ್ನರು ಜಪಸರ ಹೇಳುತ್ತಾ ಬಂದರು. ಮೂರು, ಎರಡು, ಒಂದು. ಸರ್ವೋತ್ತಮನ ಗ್ಯಾರೇಜಿನ ಅಂಗಳಕ್ಕೆ ಚಕ್ರ ಇಡುತ್ತಿದ್ದಂತೆ ತೆರೆ ಕಪ್ಪಾಯಿತು.

"ಹೋಯಿತು ಸರ್ವೋತ್ತಮಾ! ಕ್ಲಚ್ ಪ್ರಾಣ ಬಿಟ್ಟಿತು!"

ಸರ್ವೋತ್ತಮ ಕೈ ಒರೆಸುತ್ತಾ ಬಂದ. "ಪ್ರಾಣ ಬಿಟ್ಟ ಕ್ಲಚ್ಚಿನಲ್ಲಿ ಅಂಗಳ ಹತ್ತಿದ್ದು ಹೇಗೆ?" ಎಂದು ಕೇಳಿ ಸ್ಕ್ಯಾನರ್ ಎತ್ತಿ ನೋಡಿದ. ಒಳಗೆ ಹೋಗಿ ಚಾರ್ಜರ್ ತಂದು ಸಿಕ್ಕಿಸಿದ. ತೆರೆ ಬೆಳಗಿತು. ಮೂಲೆಯಲ್ಲಿ ಕೆಂಪು ಪೆಟ್ಟಿಗೆ, ಪಕ್ಕದಲ್ಲಿ ಒಂದು ಪರ್ಸೆಂಟ್.

"ನೀವು ನೋಡಿದ್ದು ಇದನ್ನಾ ಪೊರ್ಬುಗಳೇ?"

"ಅದನ್ನೇ. ಗೇರ್ ಪೆಟ್ಟಿಗೆಯ ಪಕ್ಕ ಇರುವುದು."

ಸರ್ವೋತ್ತಮ ನಗಲೂ ಆಗದೆ ಅಳಲೂ ಆಗದೆ ಅಲ್ಲಿಯೇ ಟಯರಿನ ಮೇಲೆ ಕುಳಿತ. "ಮಾರಾಯ್ರೆ, ಅದು ಗೇರ್ ಪೆಟ್ಟಿಗೆ ಅಲ್ಲ, ಬ್ಯಾಟರಿ! ಈ ಸ್ಕ್ಯಾನರಿನ ಚಾರ್ಜು! ರಾತ್ರಿ ಹಾಕಲಿಕ್ಕೆ ನನಗೆ ಮರೆತಿತ್ತು. ಕ್ಲಚ್ ಇಲ್ಲಿ ನೋಡಿ, ಕೆಳಗೆ, ಸಣ್ಣ ಅಕ್ಷರದಲ್ಲಿ. ಎಂಬತ್ತಾರು ಉಂಟು! ಸುಮ್ಮಸುಮ್ಮನೆ ನಿಲ್ಲಿಸದೆ ಓಡಿಸಿದರೆ ಇದು ಇನ್ನು ಹತ್ತು ವರ್ಷ ಬರುತ್ತದೆ. ಕಣ್ಣು ಮುಚ್ಚಿ ತೆಗೆದುಕೊಳ್ಳಿ!"

ಕಣ್ಣು ಮುಚ್ಚಿದ್ದೇ ಆಗಿತ್ತಲ್ಲ ಅನಾಹುತ! ಬೆಂಜಮಿನ್ನರು ಕೂಡಲೇ ದಂತವೈದ್ಯನಿಗೆ ಫೋನು ಹಚ್ಚಿದರು. ರೋಹಿತ್ ತುಂಬ ಬೇಸರದಿಂದ ಹೇಳಿದ, "ಅಯ್ಯೋ ಅಂಕಲ್, ಈಗಷ್ಟೇ ಮಾತು ಕೊಟ್ಟು ಕೈಕುಲುಕಿದೆ."

ಆರಕ್ಕೆ ಐದು ನಿಮಿಷ ಇರುವಾಗ ಕೆಂಪು ಕಾರು ಮಣಿಪಾಲಕ್ಕೆ ಹಿಂತಿರುಗಿತು. ರೋಹಿತನ ಮನೆಯ ಜಗಲಿಯಿಂದ ಎದ್ದು ಬಂದವನು ಡೀನ್.

"ಅಂಕಲ್, ಎಲ್ಲ ನಿಮ್ಮ ಉಪಕಾರ! ನೀವು ಹೋದದ್ದೇ ಅಮ್ಮ ಹೇಳಿದಳು, ಇಪ್ಪತ್ತೇಳು ವರ್ಷ ಇಂಥ ಕಾರಿನ ಜೊತೆ ಇದ್ದವರು ಫಾದರ್ ಹೇಳಿದರೂ ಇಳಿಯುವುದಿಲ್ಲ ಅಂತಾದರೆ ಕಾರು ಎಷ್ಟು ಒಳ್ಳೆಯದಿರಬೇಕು! ಪವಿತ್ರ ನೀರೂ ನನ್ನ ತಲೆಗೇ ಬಿತ್ತಲ್ಲ. ನೀವು ಬೇಡ ಅಂದರೆ ಮಾತ್ರ ನನಗೆ ಕೊಡಿ ಅಂತ ಡಾಕ್ಟ್ರಿಗೆ ಹೇಳಿ ಕೂತಿದ್ದೆ. ಮತ್ತೆ ಇದು, ಆನಿ ಆಂಟಿ ಎಸೆದದ್ದು." ಅವನು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಕೊಟ್ಟ.

ಬೆಂಜಮಿನ್ನರು ಅಭಿಮಾನ ಬಿಟ್ಟು ಕೇಳಿಯೇಬಿಟ್ಟರು. "ಡೀನ್, ಒಂದೊಂದು ಸಲ ನಾನು ಓಡಿಸಬಹುದಾ?"

"ನೀವಾ? ನೀವು ನಿಲ್ಲಿಸುವುದೇ ಇಲ್ಲವಲ್ಲ ಅಂಕಲ್! ಅಮ್ಮ ಹತ್ತುವುದು ಹೇಗೆ?" ಎಂದು ಡೀನ್ ನಕ್ಕ. ಆಮೇಲೆ ತುಸು ಸಂಕೋಚದಿಂದ ತಲೆ ಕೆರೆದುಕೊಂಡ. "ಆದರೆ ಇದರ ಪೇಂಟ್ ಭಾರೀ ನಾಜೂಕಂತೆ. ಎಲ್ಲರ ಕೈಗೆ ಕೊಡಬಾರದಂತೆ. ಇದನ್ನು ತೊಳೆಯಲಿಕ್ಕೆ ನಿಮ್ಮಷ್ಟು ಗೊತ್ತಿರುವವರು ನಮ್ಮ ಊರಿನಲ್ಲಿ ಬೇರೆ ಯಾರೂ ಇಲ್ಲ, ಅಲ್ವಾ?"

ಬೆಂಜಮಿನ್ನರು ಕನ್ನಡಕ ಹಾಕಿಕೊಂಡರು. ಆ ದಿನ ಮೊದಲ ಬಾರಿಗೆ ಕಾರು ಸ್ಪಷ್ಟವಾಗಿ ಕಾಣಿಸಿತು. ಬಾಗಿಲ ಮೇಲೆ ಫಾದರ್ ಚಿಮುಕಿಸಿದ ನಾಲ್ಕು ಹನಿ ಒಣಗಿ ಬಿಳಿ ಕಲೆಯಾಗಿದ್ದವು. ಕೈ ತಾನಾಗಿ ಜೇಬಿಗೆ ಹೋಗಿ ಕರವಸ್ತ್ರ ತೆಗೆಯಿತು. ಮೆಲ್ಲಗೆ, ಗೆರೆ ಬೀಳದ ಹಾಗೆ, ಒಂದೊಂದೇ ಕಲೆಯನ್ನು ಒರೆಸುತ್ತಾ ಅವರು ಕೇಳಿದರು.

"ಶುಕ್ರವಾರ ಬಂದರೆ ಆದೀತಾ?"