ವಕೀಲರ ಕಾರಿನ ಬುಷ್

ಗಾಡಿ ಕೆಡಿಸಿ ಬೈಸಿಕೊಳ್ಳುವ ಮೆಕ್ಯಾನಿಕ್‌ಗಳು ಬೇಕಾದಷ್ಟಿದ್ದಾರೆ. ಗಾಡಿ ಸರಿ ಮಾಡಿ ಬೈಸಿಕೊಳ್ಳುವ ಯೋಗ ಬೈಲಹೊಂಗಲದಲ್ಲಿ ನನಗೊಬ್ಬನಿಗೇ ಇರಬೇಕು, ಅದೂ ಮೇಲಿಂದ ಮೇಲೆ. ಆದರೆ ಈ ಕಾರಿನ ವಿಷಯದಲ್ಲಿ ಬೈಸಿಕೊಂಡದ್ದು ಕಡಿಮೆಯೇ ಆಯಿತು.

೧. ವಾಯಿದೆ

ರಾಮದುರ್ಗದ ನಿವೃತ್ತ ವಕೀಲರದು ಹಳೇ ಕಾಲದ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ತಿಂಗಳಿಗೊಮ್ಮೆ ಹೆಂಡತಿಯನ್ನು ಕೂರಿಸಿಕೊಂಡು ಆಕೆಯ ತವರು ಕಿತ್ತೂರಿಗೆ ಹೊರಟಾಗ ನನ್ನ ಗ್ಯಾರೇಜಿಗೆ ಬರುತ್ತಿದ್ದರು. ಸ್ಟೇರಿಂಗ್ ಒಂದು ಗೇಣು ತಿರುಗಿದ ಮೇಲೆ ಗಾಲಿ ಹೊರಳುತ್ತಿತ್ತು. ಒಳಗೆ ಬಳೆಯಂತೆ ಕೂರುವ ಬುಷ್‌ಗಳು ಸವೆದಿದ್ದವು.

"ತಿರುವಿದ ಮ್ಯಾಲೆ ಗಾಡಿ ಯಾಕ ಇಷ್ಟೊತ್ತು ವಿಚಾರ ಮಾಡತೈತೋ ತಮ್ಮಾ?"

"ವಕೀಲರ ಗಾಡಿ ಅಲ್ರಿ? ವಾಯಿದೆ ಕೇಳತೈತಿ."

ಅವರು ನಕ್ಕರು. ಪಕ್ಕದ ಸೀಟಿನಲ್ಲಿದ್ದ ಅವರ ಹೆಂಡತಿ ನಗಲಿಲ್ಲ. ಬುಷ್ ಇಲ್ಲೆಲ್ಲೂ ಸಿಗುವುದಿಲ್ಲವೆಂದು ನೆಪ ಹೇಳಿ ಹತ್ತು ವರ್ಷ ಬರೀ ಗ್ರೀಸ್ ಹೊಡೆದು ಕಳಿಸಿದೆ.

೨. ನಮೂನೆ

ಒಮ್ಮೆ ಎದುರಿಗೆ ಬಂದ ಲಾರಿ ಸ್ವಲ್ಪದರಲ್ಲಿ ತಪ್ಪಿತಂತೆ. ಇನ್ನು ನೆಪ ಸಾಕೆನಿಸಿತು. ಹಳೇ ಬುಷ್ ಬಿಚ್ಚಿ ಸವದತ್ತಿಯ ಲೇತ್‌ನವನಿಗೆ ಕೊಟ್ಟು, "ಇದರಂಗ ಹೊಸಾವು ಮಾಡಿಕೊಡ್ರಿ" ಎಂದೆ. ನಮ್ಮಲ್ಲಿ ಅಳತೆ ಬರೆದುಕೊಡುವ ರೂಢಿಯಿಲ್ಲ, ನಮೂನೆ ಕೊಟ್ಟರೆ ಮುಗಿಯಿತು.

ಹೊಸ ಬುಷ್‌ಗಳು ಥಳಥಳ ಹೊಳೆಯುತ್ತ ಬಂದವು. ಹಾಕಿ ನೋಡಿದರೆ ಸ್ಟೇರಿಂಗ್ ಮತ್ತೆ ಅದೇ ಒಂದು ಗೇಣು! ಸವೆದು ದೊಡ್ಡದಾಗಿದ್ದ ತೂತನ್ನೇ ಅಳೆದು ಆತ ಹಾಗೇ ಕೊರೆದಿದ್ದ. ಜಗಳಕ್ಕೆ ಹೋದೆ.

"ನೀವು ಕೊಟ್ಟಿದ್ದಕ್ಕ ಕೂದಲೆಳಿ ಫರಕ್ ಇದ್ರ ತೋರಸ್ರಿ" ಎಂದ.

ಫರಕ್ ಇರಲಿಲ್ಲ.

೩. ಚಹಾ

ಎರಡನೇ ಸಲ ಬುಷ್‌ನೊಳಗೆ ತಿರುಗುವ ದಂಡವನ್ನೂ ಒಯ್ದು ಸರಿಯಾಗಿ ಮಾಡಿಸಿದೆ. ಈಗ ಸ್ಟೇರಿಂಗ್ ಮುಟ್ಟಿದರೆ ಗಾಲಿ ಹೊರಳುತ್ತಿತ್ತು. ವಕೀಲರಿಗೆ ಹೇಳಿದೆ, ತಲೆಯಾಡಿಸಿದರು. ಆದರೆ ಕೈಗೆ ತಿಳಿಯಬೇಕಲ್ಲ! ಟ್ರಯಲ್‌ಗೆ ಹೊರಟವರು ಓಣಿಯ ತಿರುವಿಗೆ ಮುಂಚೆಯೇ ರೂಢಿಯಂತೆ ಒಂದು ಗೇಣು ತಿರುವಿಬಿಟ್ಟರು. ಕಾರು ಸೀದಾ ಯಾರದೋ ಅಂಗಳದಲ್ಲಿ ನಿಂತಿತು.

ಶೇಂಗಾ ಸುಲಿಯುತ್ತಿದ್ದ ಮನೆಯೊಡತಿ ಸೆರಗು ಸರಿಮಾಡಿಕೊಂಡು ಎದ್ದರಂತೆ. "ಬರ್ರಿ, ಕುಂಡ್ರಿ. ಯಾರ ಪೈಕಿ ನೀವು? ಗುರ್ತಾ ಸಿಗಲಿಲ್ಲ."

ವಕೀಲರು ಚಹಾ ಕುಡಿದೇ ಬಂದರು.

೪. ನಿದ್ದೆ

ಮರುತಿಂಗಳು ವಕೀಲರು ಮುಖ ಸಣ್ಣದು ಮಾಡಿಕೊಂಡು ಬಂದರು. ಪಕ್ಕದಲ್ಲಿ ಹೆಂಡತಿ ಗಾಢ ನಿದ್ದೆಯಲ್ಲಿದ್ದರು.

"ಹಳೇ ಬುಷ್ ಇದ್ರ ಹಾಕಿಬಿಡೋ ತಮ್ಮಾ. ಹತ್ತು ವರ್ಷ ಇಕಿ ದಾರಿಯುದ್ದಕ್ಕೂ 'ಎಡಕ್ಕ ರೀ, ಬಲಕ್ಕ ರೀ, ಸಾವಕಾಶ ರೀ' ಅಂತ ಮಾತಾಡಕೋತ ಬರ್ತಿದ್ಲು. ಈಗ ಊರು ದಾಟೂದ್ರಾಗ ಗೊರಕಿ. ನಮ್ಮ ಮಾತುಕತಿ ಕಸಗೊಂಡಿ ನೀ."

ಪಾಪ, ಅವರ ಕಣ್ಣು ಒದ್ದೆಯಾಗಿತ್ತು. ಒಳ್ಳೆಯದು ಮಾಡಲು ಹೋಗಿ ಇದೇನು ಮಾಡಿಬಿಟ್ಟೆನಪ್ಪಾ ಎನಿಸಿತು. ಅಷ್ಟರಲ್ಲಿ ಅವರ ಹೆಂಡತಿ ಎಚ್ಚರಾದರು.

"ಬುಷ್‌ಗೆ ಕೈ ಹಚ್ಚಿದ್ರ ನೋಡು ಮತ್ತ! ಹತ್ತು ವರ್ಷದಾಗ ಈ ಗಾಡ್ಯಾಗ ನಾ ಕಣ್ಣು ಮುಚ್ಚಿರಲಿಲ್ಲ."

ಗ್ರೀಸ್ ಹೊಡೆದು ಕಳಿಸಿದವನು ನಾನೇ. ತಲೆ ಎತ್ತಲಾಗಲಿಲ್ಲ.

ವಕೀಲರು ಗಾಬರಿಯಾಗಿ ಆಕೆಯತ್ತ ತಿರುಗಿದರು. "ಹಂಗಾರ ಇಷ್ಟು ವರ್ಷ ನನ್ನ ಜೋಡಿ ಮಾತಾಡಿದ್ದು?"

"ಮಾತಾಡಿದ್ದಲ್ರಿ ಅದು. ಜೀವಾ ಉಳಿಸ್ಕೊಳ್ಳಾಕ ಬಡಕೊಂಡಿದ್ದು!"