ಅಬ್ಬಿಗೆರೆ ಸುವಾರ್ತಿಕನ ಹಡಗುವಾಸ

ಈಜು ಬಾರದವನು ಹಡಗು ಹತ್ತಿದರೆ ಏನೇನು ಆಗಬೇಕೋ ಅದೆಲ್ಲ ಆಗಿಯೇ ತೀರುತ್ತದೆ, ಬೇಡ ಅಂದರೂ ದಿನಕ್ಕೊಂದು. ಅಬ್ಬಿಗೆರೆಯಲ್ಲಿ ಎ.ಸಿ. ರಿಪೇರಿ ಮಾಡಿಕೊಂಡು, ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಕೀಬೋರ್ಡ್ ನುಡಿಸಿಕೊಂಡಿದ್ದ ನನಗೆ ಗೊತ್ತಿದ್ದ ದೊಡ್ಡ ನೀರು ಎರಡೇ: ಹೆಬ್ಬಾಳದ ಕೆರೆ, ಮಳೆ ಬಂದಾಗ ಅಂಡರ್‌ಪಾಸು. ಅಂಥವನು ಸುವಾರ್ತೆ ಸೇವೆಯ ತರಬೇತಿಗೆಂದು ದೇಶದೇಶದ ಜನ ಇರುವ ಹಡಗೊಂದನ್ನು ಹತ್ತಿಬಿಟ್ಟೆ.

ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ಎಲ್ಲರೆದುರು ನಿಂತು ದೇವರ ವಾಕ್ಯ ಬೋಧಿಸಬೇಕು. ತರಬೇತಿ ಗುರುಗಳಿಗೆ ಒಪ್ಪಿಗೆಯಾದರೆ ಹಡಗಿನಲ್ಲೇ ಸೇವೆಗೆ ಉಳಿಯಬಹುದು, ಇಲ್ಲದಿದ್ದರೆ ಮುಂದಿನ ಬಂದರಿನಿಂದ ಸೀದಾ ಊರಿಗೆ. ನನಗೋ ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಒಣಗುತ್ತದೆ. ಅತ್ತ ನಮ್ಮ ಸಭೆಯವರು ಮುಖ್ಯರಸ್ತೆಯಲ್ಲಿ ನನ್ನ ಫೋಟೋ ಹಾಕಿ "ಸಪ್ತಸಾಗರದ ಸೇವಕನಿಗೆ ಶುಭಾಶಯಗಳು" ಅಂತ ಫ್ಲೆಕ್ಸ್ ಕಟ್ಟಿಸಿಬಿಟ್ಟಿದ್ದರು. ಅದು ಬಿಸಿಲಿಗೆ ಬಣ್ಣ ಬಿಡುವ ಮೊದಲೇ ನಾನು ವಾಪಸಾದರೆ ಮುಖ ಎಲ್ಲಿಟ್ಟುಕೊಳ್ಳಲಿ?

ರೊಟ್ಟಿ

ಹೊರಡುವ ಹಿಂದಿನ ದಿನ ಪಕ್ಕದ ಮನೆಯ ಬಾಗಲಕೋಟೆ ಕಡೆಯ ಅಜ್ಜಿ ಡಬ್ಬಿ ತುಂಬ ಕಡಕ್ ಜೋಳದ ರೊಟ್ಟಿ ತಂದುಕೊಟ್ಟರು. "ತಮ್ಮಾ, ನಿಮ್ಮ ಯೇಸಪ್ಪ ಐದ ರೊಟ್ಟ್ಯಾಗ ಊರ ಮಂದಿಗೆಲ್ಲಾ ಉಣ್ಣಾಕ ಹಾಕಿದ್ನಂತ. ನಿನ್ನ ಕೈಲೆ ಅದು ಆಗೂದಿಲ್ಲ. ಅದಕ್ಕ ಐವತ್ತು ಕಟ್ಟೀನಿ" ಅಂದರು. ನನ್ನ ಶಕ್ತಿಯನ್ನು ಇಷ್ಟು ಸರಿಯಾಗಿ ಅಳೆದವರು ಬೇರಾರೂ ಇಲ್ಲ.

ಹಡಗಿನಲ್ಲಿ ನನ್ನ ಕೋಣೆಯ ಜೊತೆಗಾರ ಒಬ್ಬ ಜರ್ಮನ್. ಒಂದು ರೊಟ್ಟಿಯ ಮೇಲೆ ಪಲ್ಯ, ಶೇಂಗಾ ಚಟ್ನಿ ಹಾಕಿ ಅವನ ಕೈಗಿಟ್ಟೆ. ಅವನು ಚಮಚದಲ್ಲಿ ಪಲ್ಯ, ಚಟ್ನಿ ಎರಡನ್ನೂ ಅಚ್ಚುಕಟ್ಟಾಗಿ ಬಳಿದು ತಿಂದು, ರೊಟ್ಟಿಯನ್ನು ಸೋಪು ಹಾಕಿ ತೊಳೆಯಲು ಹೋದ. ಸ್ವಲ್ಪ ಹೊತ್ತಿಗೆ ಕೈತುಂಬ ಹಿಟ್ಟು ಮೆತ್ತಿಕೊಂಡು, ಅಳುಮುಖ ಮಾಡಿಕೊಂಡು ಬಂದ. "ದಯವಿಟ್ಟು ಕ್ಷಮಿಸು. ನಿನ್ನ ತಟ್ಟೆ ಕರಗಿಹೋಯಿತು. ತುಂಬಾ ಹಳೇ ಕಾಲದ್ದೇನು ಅದು?"

ಬಾಗಿಲಾಚೆ ಚಪ್ಪಲಿ

ಆ ಹಡಗಿನಲ್ಲಿ ಕನ್ನಡದವರು ಇಬ್ಬರೇ. ನಾನು, ಮತ್ತೆ ಆರ್.ಟಿ. ನಗರದ ಒಬ್ಬ ನರ್ಸ್ ಅಕ್ಕ. ಮೊದಲ ಪ್ರಾರ್ಥನಾ ಕೂಟಕ್ಕೆ ಹೋದಾಗ ನಾವಿಬ್ಬರೂ ಊರಿನ ಅಭ್ಯಾಸದಂತೆ ಬಾಗಿಲಾಚೆ ಚಪ್ಪಲಿ ಬಿಟ್ಟೆವು. ನಮ್ಮ ಭಯಭಕ್ತಿ ನೋಡಿ ಉಳಿದವರಿಗೆ ನಾಚಿಕೆಯಾಯಿತೋ ಏನೋ, ಎಲ್ಲರೂ ಬೂಟು ಬಿಚ್ಚಿದರು. ಕ್ಯಾಪ್ಟನ್ ಕೂಡ.

ಹಡಗು ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ. ನಾವು ಹೊರಗೆ ಬಂದಾಗ ಬಾಗಿಲಲ್ಲಿ ಒಂದೇ ಒಂದು ಜೊತೆಯೂ ಇರಲಿಲ್ಲ. ಎಲ್ಲವೂ ಜಾರಿಕೊಂಡು ಹೋಗಿ ಎಂಜಿನ್ ಕೋಣೆಯ ಮೆಟ್ಟಿಲಿಳಿದು ಕೂತಿದ್ದವು. "ಅಯ್ಯೋ ನಮ್ಮಪ್ಪಾ, ಊರಲ್ಲಿ ಕಳ್ರು ಒಂದೊಂದೇ ಜೊತೆ ಒಯ್ತಿದ್ರು ಕಣೋ!" ಅಂತ ಅಕ್ಕ ತಲೆ ಚಚ್ಚಿಕೊಂಡಳು. ಅಷ್ಟರಲ್ಲಿ ಕ್ಯಾಪ್ಟನ್‌ಗೆ ತುರ್ತು ಕರೆ ಬಂತು. ಅವರು ಕೈಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಓಡಿದರು. ಅವತ್ತು ನಮ್ಮ ಹಡಗು ಒಂದು ಕರಿ ಬೂಟು ಮತ್ತು ಒಂದು ಹವಾಯಿ ಚಪ್ಪಲಿಯ ನಾಯಕತ್ವದಲ್ಲಿ ಬಂದರು ಸೇರಿತು.

ಸಣ್ಣ ಪ್ರಾರ್ಥನೆ

ನಮ್ಮ ತರಬೇತಿ ಗುರುಗಳು ಉದ್ದನೆಯ ಹಿರಿಯರು. ಅವರು ನಕ್ಕಿದ್ದನ್ನು ಕಂಡವರಿಲ್ಲ. ಒಂದು ದಿನ ಊಟಕ್ಕೆ ಮೊದಲು "ಸಣ್ಣದೊಂದು ಪ್ರಾರ್ಥನೆ ಮಾಡು" ಅಂದರು. ಅಬ್ಬಿಗೆರೆ ಅಳತೆಯಲ್ಲಿ ನಾನು ಸಣ್ಣದನ್ನೇ ಮಾಡಿದೆ. ಅಡುಗೆಯವರು, ಅಕ್ಕಿ ಬೆಳೆದವರು, ನಮ್ಮ ಮಂತ್ರಿಗಳು, ಅವರವರ ದೇಶದ ರಾಜರಾಣಿಯರು, ಆಸ್ಪತ್ರೆಯಲ್ಲಿರುವವರು, ಯಶವಂತಪುರದಲ್ಲಿ ರೈಲು ಕಾಯುತ್ತಿರುವವರು, ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಕೊಂಡವರು. ಉಸಿರು ಎಳೆದುಕೊಳ್ಳಲು ನಿಲ್ಲಿಸಿದ್ದೇ ತಡ, ಎಲ್ಲರೂ "ಆಮೆನ್!" ಅಂತ ಕೂಗಿ ಕುಳಿತುಬಿಟ್ಟರು. ನಾನಿನ್ನೂ ಪರೀಕ್ಷೆ ಬರೆಯುವ ಮಕ್ಕಳ ಹತ್ತಿರ ಬಂದಿರಲಿಲ್ಲ.

ಅಕ್ಕ ಅಂಗಿ ಜಗ್ಗಿದಳು. "ಸೂಪು ಐಸ್‌ಕ್ರೀಮ್ ಆಯ್ತು, ಕೂತ್ಕೊಳ್ಳೋ."

ಆಮೇಲೆ ನನ್ನ ಸರದಿಯನ್ನು ಊಟ ಮುಗಿದ ಮೇಲಕ್ಕೆ ಹಾಕಿದರು.

ಮುಂದೆ ಬನ್ನಿ

ಕೊನೆಗೆ ನಾನು ಬೋಧಿಸುವ ದಿನ ಬಂತು. ಸಮುದ್ರ ಬೆಳಿಗ್ಗೆಯಿಂದಲೇ ಮುನಿಸಿಕೊಂಡಿತ್ತು. ಸಭಾಂಗಣದ ಕುರ್ಚಿಗಳನ್ನು ಹಗ್ಗ ಹಾಕಿ ಬಿಗಿಯುವುದು ಹಡಗಿನ ಪದ್ಧತಿ. ಬೋಧನೆ ಮುಗಿದ ಮೇಲೆ ಪ್ರಾರ್ಥನೆ ಬೇಕಾದವರನ್ನು ಮುಂದೆ ಕರೆಯುವುದು ನಮ್ಮ ಸಭೆಯ ಪದ್ಧತಿ. ಅವರು ಬರಲು ದಾರಿ ಬೇಡವೇ? ನಾನು ಮೊದಲೇ ಹೋಗಿ, ಹಗ್ಗವನ್ನೆಲ್ಲ ಬಿಚ್ಚಿ, ನಡುವೆ ಅಗಲವಾದ ದಾರಿ ಬಿಟ್ಟು ಕುರ್ಚಿ ಜೋಡಿಸಿದೆ.

"ಭಯ ಆದ್ರೆ ಕಣ್ಣು ಮುಚ್ಕೊಂಡ್ಬಿಡು. ಜನ ಕಾಣಲ್ಲ, ಮಾತು ತಾನಾಗೇ ಬರತ್ತೆ" ಅಂದಿದ್ದಳು ಅಕ್ಕ. ನೆಲಕ್ಕೆ ಬಿಗಿದಿದ್ದ ಪೀಠವನ್ನು ತಬ್ಬಿ ಹಿಡಿದು, ಕಣ್ಣು ಮುಚ್ಚಿಯೇ ಬೋಧಿಸಿದೆ. ಹೇಗೋ ಕೊನೆಗೆ ತಲುಪಿದೆ. "ಪ್ರಾರ್ಥನೆ ಬೇಕಾದವರು ಮುಂದೆ ಬನ್ನಿ" ಅಂದೆ. ಒಬ್ಬರೂ ಕದಲಿದ ಸದ್ದಿಲ್ಲ. ಮುಗಿಯಿತು ನನ್ನ ಕಥೆ, ಗಂಟುಮೂಟೆ ಕಟ್ಟುವುದೇ ಅಂದುಕೊಂಡು ಇನ್ನೊಮ್ಮೆ ಕರೆದೆ.

ಒಂದು ಕುರ್ಚಿ ಸರಿದ ಸದ್ದಾಯಿತು. ಬೆನ್ನಿಗೇ ಹತ್ತಾರು ಕುರ್ಚಿ! ನನ್ನ ಎದೆ ತುಂಬಿ ಬಂತು. "ಸಂಕೋಚ ಬೇಡ, ಹಿಂದಿನ ಸಾಲಿನವರೂ ಬನ್ನಿ!" ಅಂತ ಕೂಗಿದೆ. ಅವರೂ ಬಂದರು. ಯಾರೋ ಗಟ್ಟಿಯಾಗಿ ನನ್ನ ಕಾಲು ಹಿಡಿದುಕೊಂಡರು. "ನನ್ನ ಕಾಲು ಬಿಡಿ, ಎಲ್ಲಾ ಸ್ತೋತ್ರ ದೇವರಿಗೇ ಸಲ್ಲಲಿ" ಅಂದೆ.

"ಲೋ, ಸಾಕು ಕಣೋ! ಇನ್ನೂ ಕರೀತಾನೇ ಇದೀಯಲ್ಲೋ!" ಕಂಬ ತಬ್ಬಿಕೊಂಡಿದ್ದ ಅಕ್ಕನ ಕೂಗು.

ಕಣ್ಣು ಬಿಟ್ಟೆ. ಹಡಗು ಮುಂದಕ್ಕೆ ವಾಲಿತ್ತು. ಇಡೀ ಸಭೆ ಕುರ್ಚಿ ಸಮೇತ ನನ್ನ ಪಾದದ ಬಳಿ ಬಂದು ಬಿದ್ದಿತ್ತು. ಕಾಲು ಹಿಡಿದಿದ್ದವರು ತರಬೇತಿ ಗುರುಗಳು. ಅವರ ಬೆನ್ನ ಮೇಲೆ ನನ್ನ ಜರ್ಮನ್ ಜೊತೆಗಾರ. ಗುರುಗಳು ಕನ್ನಡಕ ಸರಿಮಾಡಿಕೊಂಡು ತಲೆಯೆತ್ತಿದರು. ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ.

"ಇಷ್ಟು ವರ್ಷ ಬೋಧಿಸಿದ್ದೇನೆ, ನನ್ನ ಕರೆಗೆ ಇಡೀ ಸಭೆ ಎಂದೂ ಬಂದಿಲ್ಲ. ನೀನು ಪಾಸು, ಇಲ್ಲೇ ಉಳಿ" ಅಂದರು.

ನಾನು ಸ್ತೋತ್ರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಡಗು ಹಿಂದಕ್ಕೆ ವಾಲಿತು. ಮುಂದೆ ಬಂದಿದ್ದವರೆಲ್ಲ ಬಂದ ದಾರಿಯಲ್ಲೇ ಜಾರಿಹೋದರು. ಹಿಂದಿನ ಗೋಡೆಯ ಹತ್ತಿರದಿಂದ, ಕುರ್ಚಿಗಳ ರಾಶಿಯಡಿಯಿಂದ ಗುರುಗಳ ದನಿ ಕೇಳಿಸಿತು.

"ಆದರೆ ಬಂದವರನ್ನು ಉಳಿಸಿಕೊಳ್ಳುವುದನ್ನು ನೀನಿನ್ನೂ ಕಲಿಯಬೇಕಪ್ಪಾ!"