ದಿನ ಮೊದಲೋ, ತಿಂಗಳು ಮೊದಲೋ

ತಾರೀಖು ಬರೆಯೋದು ಯಾವ ದೊಡ್ಡ ವಿದ್ಯೆ ಅನ್ನುವವರು ನವನಗರದ ನನ್ನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಬೇಕು. ವಿಮಾನದ ಟಿಕೆಟ್, ಪ್ರವಾಸಿ ವೀಸಾ ಮಾಡಿಸಿಕೊಡುವುದು ನನ್ನ ಹೊಟ್ಟೆಪಾಡು. ನಾವು ಮೊದಲು ದಿನ ಬರೆದು ಆಮೇಲೆ ತಿಂಗಳು ಬರೆಯುತ್ತೇವೆ. ಕೆಲವು ದೇಶದವರಿಗೆ ತಿಂಗಳೇ ಮೊದಲಾಗಬೇಕು. ಈ ತಿರುವುಮುರುವಿನಲ್ಲಿ ನಮ್ಮ ಜಿಲ್ಲೆಯ ಜನ ಸಿಕ್ಕಿಕೊಳ್ಳುತ್ತಲೇ ಇರುತ್ತಾರೆ.

ಹುಟ್ಟಿದ ದಿನ

ಹುನಗುಂದದ ಒಬ್ಬ ಹಿರಿಯರು. ನಮ್ಮ ಕಡೆ ಅವರ ವಯಸ್ಸಿನವರೆಲ್ಲ ಜೂನ್ ಒಂದರಂದೇ ಹುಟ್ಟಿದವರು. ಶಾಲೆಗೆ ಸೇರಿಸಿಕೊಳ್ಳುವಾಗ ಮಾಸ್ತರರು ಎಲ್ಲರಿಗೂ ಅದೇ ತಾರೀಖು ಹಾಕಿಬಿಡುತ್ತಿದ್ದರು. ವೀಸಾ ಅರ್ಜಿಯಲ್ಲಿ ಮಗ 01/06 ಅಂತ ತುಂಬಿದ, ಅದು ಜನವರಿ ಆರು ಆಗಿ ಕೂತಿತು. ಪಾಸ್‌ಪೋರ್ಟಿನಲ್ಲಿ ಜೂನ್ ಇದೆ, ಅರ್ಜಿಯಲ್ಲಿ ಜನವರಿ ಇದೆ, ಯಾವುದು ನಿಜ ಅಂತ ಸಂದರ್ಶನದಲ್ಲಿ ಅಧಿಕಾರಿ ಕೇಳಿದರಂತೆ. ಹಿರಿಯರು ಸುಳ್ಳು ಹೇಳುವ ಪೈಕಿ ಅಲ್ಲ.

"ಎರಡೂ ಖರೆ ಅಲ್ರಿ. ನಾ ಹುಟ್ಟಿದ್ದು ಸೀಗಿ ಹುಣ್ಣಿವಿ ದಿನ."

ಅಮಾಸಿ

ಬಾದಾಮಿಯ ಒಬ್ಬ ಅಕ್ಕಾವರು ಪಂಚಾಂಗ ನೋಡದೆ ಸಂತೆಗೂ ಹೋಗುವವರಲ್ಲ. ಅವರ ವೀಸಾ 02/03ರಿಂದ ಶುರು. ಮಾರ್ಚ್ ಎರಡು ಅಂತ ಅವರು ಖುಷಿಯಲ್ಲಿದ್ದರು, ಅದು ಫೆಬ್ರವರಿ ಮೂರು ಅಂತ ನಾನು ತಿಳಿಸಿ ಹೇಳಿದೆ. ಚೀಲದಿಂದ ಪಂಚಾಂಗ ತೆಗೆದು ನೋಡಿದವರೇ ನನ್ನ ಮೇಲೆ ಸಿಟ್ಟಾದರು.

"ನೀ ಹಂಗ ಓದಬ್ಯಾಡೋ ತಮ್ಮಾ. ಹಂಗ ಓದಿದ್ರ ಅಮಾಸಿ ಬೀಳ್ತೈತಿ."

ಬೀಗರು

ಇಳಕಲ್ಲಿನ ಸೀರೆ ವ್ಯಾಪಾರಿಯನ್ನು ನೆನೆದರೆ ನನಗೆ ಇಂದಿಗೂ ನಗು ತಡೆಯುವುದಿಲ್ಲ, ಪಾಪ ಅಂತಲೂ ಅನ್ನಿಸುತ್ತದೆ. ಅವರ ಬೀಗರು, ಅಂದರೆ ಮಗಳ ಮಾವ, ವಿದೇಶ ನೋಡಿ ಬಂದು, ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೊರೆಯುತ್ತಿದ್ದರು. ಬೀಗರ ಮುಂದೆ ತಲೆ ತಗ್ಗಬಾರದು ಅಂತ ಇವರೂ ಹೊರಟರು. ನನ್ನನ್ನು ಕೇಳದೆ ಮೊಬೈಲಿನಲ್ಲೇ ವೀಸಾ ಮಾಡಿಕೊಂಡರು. ಆಗಸ್ಟ್ ಐದಕ್ಕೆ ಅಂತ 05/08 ಒತ್ತಿದರು. ಸಿಕ್ಕಿದ್ದು ಮೇ ಎಂಟರಿಂದ ಒಂದು ತಿಂಗಳ ವೀಸಾ. ಅದನ್ನು ನೋಡುವ ವ್ಯವಧಾನ ಯಾರಿಗಿತ್ತು? ಗೆಳೆಯರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದರು, ಶಾಲು ಹೊದಿಸಿದರು, ಬೀಗರು ಖುದ್ದು ಬಂದು ಮಾಲೆ ಹಾಕಿದರು. ವಿಮಾನ ನಿಲ್ದಾಣದಲ್ಲಿ, ನಿಮ್ಮ ವೀಸಾ ಮುಗಿದು ಎಷ್ಟೋ ದಿನ ಆಯ್ತು ಅಂತ ಹೇಳಿ ಹಿಂದಕ್ಕೆ ಕಳಿಸಿದರು.

ಫ್ಲೆಕ್ಸ್ ಇನ್ನೂ ಇಳಿಸಿರಲಿಲ್ಲ. ಯಾವ ಮುಖ ಹೊತ್ತು ಇಳಕಲ್ಲಿಗೆ ಹೋಗುವುದು? ಪ್ರವಾಸದ ದಿನ ಮುಗಿಯುವವರೆಗೆ ತುಳಸಿಗೇರಿಯ ತಂಗಿಯ ಮನೆಯಲ್ಲಿ ಅಡಗಿ ಕೂತರೆ ಮರ್ಯಾದೆ ಉಳಿಯುತ್ತದೆ ಅಂದುಕೊಂಡರು.

ಅದು ಶ್ರಾವಣ ಅನ್ನುವುದನ್ನು ಮಾತ್ರ ಮರೆತರು. ಶ್ರಾವಣ ಶನಿವಾರ ತುಳಸಿಗೇರಿ ಹನುಮಪ್ಪನ ಗುಡಿಗೆ ಅರ್ಧ ಜಿಲ್ಲೆಯೇ ಬಂದು ಬೀಳುತ್ತದೆ. ಊರಲ್ಲಿದ್ದೂ ದೇವರಿಗೆ ಕೈ ಮುಗಿಯದಿದ್ದರೆ ಹೇಗೆ ಅಂತ ಇವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಪಾಳಿಯಲ್ಲಿ ನಿಂತರು. ಮುಂದೆ ಕಾಯಿ ಹಿಡಿದು ನಿಂತವರು ಯಾಕೋ ಹಿಂದೆ ತಿರುಗಿದರು. ನೋಡಿದರೆ ಅದೇ ಬೀಗರು. ಟವೆಲ್ ಜಾರಿತು.

"ಏನ್ರಿ ಬೀಗರ, ಫಾರಿನ್ನಿಗೆ ಹೋಗಿಲ್ಲೇನ್ರಿ?"

"ಹೋಗೇನ್ರಿ. ಅಲ್ಲೆ ಹನುಮಪ್ಪನ ಗುಡಿ ಇಲ್ಲ ನೋಡ್ರಿ. ಶನಿವಾರಕ್ಕಂತ ಬಂದೆ, ನಾಳಿ ಮತ್ತ ಹೋಗ್ತೇನಿ."

ಬೀಗರು ನಗಲಿಲ್ಲ. ಜಾರಿದ ಟವೆಲನ್ನು ಎತ್ತಿ ಇವರ ಹೆಗಲ ಮೇಲೆ ಹಾಕಿದರು.

"ಹಂಗಾರ ಮುಂದಿನ ಶನಿವಾರ ಬರೂಮುಂದ ನನಗೊಂದು ಸೆಂಟಿನ ಬಾಟ್ಲಿ ತರ್ರಿ."